ಖಂಡಿಸುವುದು ಕೃತ್ಯವನ್ನು, ನಿಂದಿಸುವುದು ವ್ಯಕ್ತಿಯನ್ನು

ರಾಯಚೂರಿನಿಂದ ಪುಣೆಗೆ ಬಂದ ಹೊಸತರಲ್ಲಿ, ಚೌಕವೊಂದರಲ್ಲಿ ‘ಜಾಹೀರ್ ನಿಷೇಧ್’ ಎಂಬ ಫಲಕವನ್ನು ಕಂಡು, ಏನನ್ನೋ ನಿಷೇಧಿಸಿದ್ದಾರೆ ಎಂದೇ ತಿಳಿದಿದ್ದೆ. ಕೆಳಗಿನ ಸಾಲುಗಳನ್ನು ಓದಿದ ಮೇಲೆ, ಅದು ಹಲ್ಲೆಯೊಂದರ ಬಹಿರಂಗ ಖಂಡನೆ ಎಂಬುದು ಅರ್ಥವಾಯಿತು. ಕನ್ನಡದಲ್ಲಿ ನಿಷೇಧಿಸಲು ಅಧಿಕಾರ ಬೇಕು. ಮರಾಠಿಯಲ್ಲಿ ಯಾವ ಅಧಿಕಾರವೂ ಇಲ್ಲದವರು ಬೀದಿಗಿಳಿದು ‘ನಿಷೇಧ’ವನ್ನು ದಾಖಲಿಸುತ್ತಾರೆ.

ನಮ್ಮ ಕಡೆ ಆ ಕೆಲಸವನ್ನು ಮಾಡುವ ಪದ ‘ಖಂಡಿಸು’. ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗಕ್ಕೆ ನೀರು ತಲುಪದಿದ್ದಾಗ ‘ನೀರು ಹರಿಸದಿರುವುದನ್ನು ಖಂಡಿಸಿ ರೈತರ ಧರಣಿ’ ಎಂದು ಪತ್ರಿಕೆಯಲ್ಲಿ ಓದುತ್ತಲೇ ಬೆಳೆದವನು ನಾನು. ಸಂಸ್ಕೃತದ ಈ ಪದಕ್ಕೆ ಮೂಲತಃ ತುಂಡರಿಸುವುದು ಎಂಬ ಅರ್ಥವಿದೆ. ಶಾಸ್ತ್ರವಾದದಲ್ಲಿ ಎದುರಾಳಿಯ ಮತವನ್ನು ಕಡಿದುಹಾಕುವುದು ಖಂಡನ, ತನ್ನ ಮತವನ್ನು ಸ್ಥಾಪಿಸುವುದು ಮಂಡನ. ಸಂದೇಹಕ್ಕೆ ಎಡೆಯಿಲ್ಲದ ಮಾತು ‘ಖಂಡಿತ’ವಾದದ್ದೂ ಇದೇ ಮೂಲದಿಂದ. ಆದ್ದರಿಂದ ಖಂಡಿಸುವವನ ಎದುರಿಗೆ ಒಂದು ಮಾತೋ ಕೃತ್ಯವೋ ಸ್ಪಷ್ಟವಾಗಿ ಇರಲೇಬೇಕು.

ನಿಂದಿಸುವುದು ಹಾಗಲ್ಲ. ಅದು ವ್ಯಕ್ತಿಯ ಮೇಲೆ ಎರಗುತ್ತದೆ; ಜಾತಿ ನಿಂದನೆ ನಮ್ಮಲ್ಲಿ ಅಪರಾಧದ ಹೆಸರು. ಹಿಂದಿಯಲ್ಲಾದರೋ ಸಚಿವರು ಭಯೋತ್ಪಾದಕ ದಾಳಿಗೆ ‘ಕಡೀ ನಿಂದಾ’ ಮಾಡುತ್ತಾರೆ, ಆರೋಪ ಬಂದರೆ ‘ಖಂಡನ್’ ಮಾಡುತ್ತಾರೆ, ಅಂದರೆ ಅಲ್ಲಗಳೆಯುತ್ತಾರೆ. ತೆಲುಗಿನ ‘ಖಂಡಿಂಚು’ ದಾಳಿಯನ್ನು ಖಂಡಿಸುವುದಕ್ಕೂ ಆರೋಪವನ್ನು ತಳ್ಳಿಹಾಕುವುದಕ್ಕೂ ಒದಗುತ್ತದೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದು, ತೆಲುಗು ಮತ್ತು ಉರ್ದುಗಳ ಜೊತೆಯಲ್ಲೇ ಬಾಳಿದ ರಾಯಚೂರಿನಲ್ಲಿಯೂ ಕನ್ನಡದ ಈ ಭೇದ ಮಸುಕಾಗದೆ ಉಳಿದಿದೆ ಎಂಬುದು ನನಗೆ ದೊಡ್ಡ ಸಂಗತಿ.

ಈಗ ಹಿಂದಿಯಿಂದ ಅವಸರದಲ್ಲಿ ಅನುವಾದಿಸಿದ ಸುದ್ದಿಗಳಲ್ಲಿ ‘ದಾಳಿಯನ್ನು ಕಟುವಾಗಿ ನಿಂದಿಸಿದರು’ ಎಂಬ ವಾಕ್ಯವನ್ನು ಕಂಡಾಗ ನೋವಾಗುತ್ತದೆ. ಅದಕ್ಕಿಂತ ಹೆಚ್ಚು ನೋಯಿಸುವುದು ‘ಘಟನೆ ಖಂಡನೀಯ’ ಎಂದಷ್ಟೇ ಹೇಳುವ ಹೇಳಿಕೆಗಳು. ಯಾರು ಏನು ಮಾಡಿದರು ಎಂಬುದನ್ನು ಮರೆಮಾಚಿ, ಕಡಿಯಬೇಕಾದದ್ದನ್ನೇ ಮುಟ್ಟದೆ ಹೋಗುವ ಮಾತನ್ನು ಖಂಡನೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಧರಣಿ ಕುಳಿತ ರೈತರ ವಾಕ್ಯದಲ್ಲಿ ಹರಿಯದ ನೀರು ಮೊದಲು ಬರುತ್ತದೆ, ಖಂಡನೆ ಅದರ ಹಿಂದೆ ಬರುತ್ತದೆ.

ಮರಾಠಿ ಶಾಲೆಯಲ್ಲಿ ಓದುವ ನನ್ನ ಮಗಳು ಮನೆಯಲ್ಲಿ ‘ಅಪ್ಪಾ, ನಾವೂ ನಿಷೇಧ ಮಾಡೋಣ’ ಎಂದಾಗ, ಕನ್ನಡದಲ್ಲಿ ಅದನ್ನು ಖಂಡಿಸುವುದು ಎನ್ನಬೇಕು ಎಂದು ತಿದ್ದಿ, ‘ಯಾವುದನ್ನವ್ವ?’ ಎಂದು ಕೇಳುತ್ತೇನೆ.