ಕೊಲೆಗಾರ ಯಾರು ಅಂತ ನಾನು ಕೇಳಿದ್ನಾ?

ಈಗಷ್ಟೇ ಲೈಬ್ರರಿಯಿಂದ ಬಂದೆ. ಕಾಫಿ ಕೂಡ ಕುಡಿದಿಲ್ಲ. ಸಿಟ್ಟು ಆರುವ ಮುಂಚೆ ಬರೆದುಬಿಡೋಣ ಅಂತ ಕೂತಿದ್ದೇನೆ.

ವಿಆರ್‌ಎಸ್ ತಗೊಂಡ ಮೇಲೆ ನನಗೆ ಅಂಟಿದ ಒಂದೇ ಒಳ್ಳೆ ಚಟ ಅಂದರೆ ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದ ಪತ್ತೇದಾರಿ ಬಳಗ. (ಯೋಗ ಕ್ಲಾಸಿನ ಕಥೆ ನಿಮಗೆಲ್ಲ ಗೊತ್ತು, ಅದು ಬೇಡ.) ತಿಂಗಳಿಗೊಂದು ಭಾನುವಾರ ಪೇಪರ್ ಓದುವವರು ಎದ್ದು ಹೋದ ಮೇಲೆ ಅದೇ ಉದ್ದ ಮೇಜಿನ ಸುತ್ತ ಹನ್ನೊಂದು ಜನ ಕೂರುತ್ತೇವೆ. ಒಂದು ಪುಸ್ತಕ, ಒಂದು ಫ್ಲಾಸ್ಕ್ ಟೀ, ಒಂದೂವರೆ ಗಂಟೆ ಮಾತು. ಸೊಸೆಯಂದಿರ ವಿಷಯ ತೆಗೆಯಬಾರದು ಅನ್ನೋದು ಒಂದು ನಿಯಮ. ಎಲ್ಲರೂ ಓದಿ ಮುಗಿಸುವ ತನಕ ಕೊನೆಯನ್ನು ಬಾಯಿಬಿಡಬಾರದು ಅನ್ನೋದು ಎರಡನೆಯದು.

ಎರಡನೇ ನಿಯಮ ಯಾಕೆ ಬಂತು ಅಂದರೆ, ಪುಸ್ತಕ ಇರೋದು ಒಂದೇ ಪ್ರತಿ. ಹಳೇ ಕಾದಂಬರಿ, ಅಂಗಡಿಯಲ್ಲಿ ಸಿಗಲ್ಲ. ಒಬ್ಬರಿಗೆ ನಾಲ್ಕೇ ದಿನ ಅಂದರೂ ಹನ್ನೊಂದು ಜನಕ್ಕೆ 44 ದಿನ ಬೇಕು. ತಿಂಗಳಿಗಿರೋದು 30. ಹಾಗಾಗಿ ಪ್ರತಿ ಸಲ ಮೂರು ನಾಲ್ಕು ಜನ ಅರ್ಧ ಓದಿಕೊಂಡೇ ಬಂದಿರುತ್ತಾರೆ. ಇಲ್ಲಾ ಓದದೇ ಬಂದಿರುತ್ತಾರೆ. ಪಟ್ಟಿಯಲ್ಲಿ ನನ್ನದು ಎಂಟನೇ ಹೆಸರು. ಪುಸ್ತಕ ಕೈಗೆ ಬಂದಿದ್ದು ಶುಕ್ರವಾರ ಸಂಜೆ. ಇವತ್ತು ಬೆಳಿಗ್ಗೆ 92ನೇ ಪುಟದಲ್ಲಿದ್ದೆ. ಇನ್ನು 44 ಪುಟ ಉಳಿದಿತ್ತು.

ಸಭೆ ಎಷ್ಟು ಚೆನ್ನಾಗಿ ಶುರುವಾಯ್ತು ಗೊತ್ತಾ! ಎನ್. ನರಸಿಂಹಯ್ಯನವರ ಮಾತು ಬಂತು. ಓದಿದ್ದು ನಾಲ್ಕನೇ ಕ್ಲಾಸು, ಬರೆದಿದ್ದು 500ಕ್ಕೂ ಜಾಸ್ತಿ ಪತ್ತೇದಾರಿ ಕಾದಂಬರಿ. ಅವರ ಪತ್ತೇದಾರರಾದ ಪುರುಷೋತ್ತಮ, ಅರಿಂಜಯ ಅಂದ ತಕ್ಷಣ ಮೇಜಿನ ಆ ಕಡೆಯ ಮೂವರು ಅಜ್ಜಂದಿರು ಹೈಸ್ಕೂಲು ಹುಡುಗರ ಥರ ಆಗಿಬಿಟ್ಟರು. ಆಮೇಲೆ ಒಬ್ಬರು, ಹಳದಿ ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಗಳನ್ನೂ ಬರೆದಿದ್ದರು ಅಂದರು. ನಮ್ಮ ಬಳಗದ ಇಂಜಿನಿಯರಿಂಗ್ ಹುಡುಗ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. "ಅವರೇನಾ ಸಾರ್, ನಿಜವಾಗ್ಲೂ?" ಅಂತ ಎರಡು ಸಲ ಕೇಳಿದ.

ಅಷ್ಟರಲ್ಲಿ ಬಳಗದ ಹಿರಿಯ ಯಜಮಾನರೊಬ್ಬರು ಗಂಟಲು ಸರಿಮಾಡಿಕೊಂಡರು. ಹೆಸರು ಬೇಡ. ಅವರು ಫೇಸ್‌ಬುಕ್ಕಿನಲ್ಲಿಲ್ಲ, ಆದರೆ ಅವರ ಸೊಸೆ ಇದ್ದಾಳೆ. ಟೀಗೆ ಬಿಸ್ಕತ್ತು ಅದ್ದುತ್ತಾ ಅಂದರು, "ನನಗಂತೂ ಮೂರನೇ ಅಧ್ಯಾಯದಲ್ಲೇ ಗೊತ್ತಾಗಿಹೋಯ್ತು ಕಣ್ರೀ, ಕೊಂದೋನು ಆ..."

ಚುಕ್ಕಿ ನಾನು ಇಟ್ಟಿದ್ದು. ಅವರು ಇಡಲಿಲ್ಲ.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಬಿಸ್ಕತ್ತು ಮುರಿದು ಟೀಯೊಳಗೆ ಬಿತ್ತು. ಬೀಳಲಿ.

ಈ ಜನಕ್ಕೆಲ್ಲ ಮೂರನೇ ಅಧ್ಯಾಯದಲ್ಲೇ ಹೇಗೆ ಗೊತ್ತಾಗುತ್ತೆ ಸ್ವಾಮಿ? ಕೊನೆ ಹೇಳಿ ಹಾಳುಮಾಡುವ ಒಬ್ಬನೂ "ನನಗೆ ಕೊನೇ ತನಕ ಗೊತ್ತಾಗಲಿಲ್ಲ" ಅಂದಿದ್ದು ನಾನು ಕೇಳಿಲ್ಲ. ಮೂರನೇ ಅಧ್ಯಾಯದಲ್ಲೇ ಗೊತ್ತಾಗಿದ್ದರೆ ಮಿಕ್ಕ ನೂರು ಪುಟ ಯಾಕೆ ಓದಿದಿರಿ? ನಮ್ಮ ನಾಲ್ಕು ದಿನ ಉಳೀತಿತ್ತಲ್ಲ!

ನಾನು ಮುಖ ಊದಿಸಿಕೊಂಡಿದ್ದು ನೋಡಿ ಅವರು ಗದಾಯುದ್ಧ ತೆಗೆದರು. "ದುರ್ಯೋಧನ ಕೊಳದಲ್ಲಿ ಅಡಗಿದ್ದಾನೆ ಅಂತ ಎಲ್ಲರಿಗೂ ಗೊತ್ತು. ಆದರೂ ರಾತ್ರಿಯಿಡೀ ಆಟ ನೋಡಲ್ವೇನಮ್ಮಾ?" ನೋಡ್ತೀವಿ ಸಾರ್. ಆದರೆ ತೊಡೆ ಮುರಿದವನು ಯಾರು ಅಂತ ರನ್ನ ಗುಟ್ಟು ಮಾಡಿರಲಿಲ್ಲ. ಪತ್ತೇದಾರಿ ಬರೆಯುವವನು ಮಾಡಿರ್ತಾನೆ. ಅವನು ಕಷ್ಟಪಟ್ಟು ಕಟ್ಟಿದ ಗಂಟನ್ನು ನೀವು ಟೀ ಕುಡಿಯುತ್ತಾ ಬಿಚ್ಚಿಬಿಟ್ಟಿರಿ. ಲಂಡನ್ನಿನಲ್ಲಿ 1952ರಲ್ಲಿ ಶುರುವಾದ ಅಗಾಥಾ ಕ್ರಿಸ್ಟಿಯ ಮೌಸ್‌ಟ್ರ್ಯಾಪ್ ನಾಟಕ ಮುಗಿದ ಮೇಲೆ, ಕೊಲೆಗಾರ ಯಾರು ಅಂತ ಹೊರಗೆ ಹೇಳಬೇಡಿ ಅಂತ ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರಂತೆ. ಅಷ್ಟೊಂದು ಜನ ಬಾಯಿ ಮುಚ್ಚಿಕೊಂಡು ಮನೆಗೆ ಹೋಗ್ತಾರೆ. ಇಲ್ಲಿ ಹನ್ನೊಂದು ಜನರಲ್ಲಿ ಒಬ್ಬರಿಗೆ ಆಗಲ್ಲ.

"ಓದಿ ಮುಗಿಸಿಕೊಂಡು ಬರಬೇಕಿತ್ತು" ಅಂತ ಇನ್ನೊಬ್ಬರು ಸಲಹೆ ಕೊಟ್ಟರು. ಯಾವ ಪ್ರತಿ ಹಿಡಿದು ಓದಲಿ? 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಮನೆ ಕಂದಾಯದ ಮೇಲೆ ಶೇ 6 ಗ್ರಂಥಾಲಯ ಸೆಸ್ ನಾನೂ ಕಟ್ತೀನಿ. ಎರಡನೇ ಪ್ರತಿ ಸಿಗೋ ತನಕ ಬಾಯಿಗೆ ಬೀಗ ಹಾಕಿಕೊಳ್ಳೋದೇ ದಾರಿ. ಅದಕ್ಕೆ ಸೆಸ್ ಬೇಕಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಸಿಟ್ಟಾ ಅಂತ ನಿಮಗೆ ಅನ್ನಿಸ್ತಿರಬಹುದು. ಹೇಳ್ತೀನಿ ಕೇಳಿ.

ನನ್ನ ಅಮ್ಮ ಪತ್ತೇದಾರಿ ಹುಚ್ಚಿ. ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದುಕೊಡೋದು ನನ್ನ ಕೆಲಸ. ಕೊನೆಯ ಹಾಳೆಗಳ ಮೇಲೆ ಕಣ್ಣು ಬೀಳಬಾರದು ಅಂತ ಅವಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿಟ್ಟು, ಒಲೆ ಮುಂದೆ ಕೂತು ಓದುತ್ತಿದ್ದಳು. ಒಂದು ದಿನ ಯಾವುದಕ್ಕೋ ಬೈದಳು ಅಂತ ನಾನು ಕ್ಲಿಪ್ ತೆಗೆದು, ಕೊನೆ ಪುಟ ಓದಿ, ಅವಳು ರೊಟ್ಟಿ ತಟ್ಟುವಾಗ ಕೊಲೆಗಾರನ ಹೆಸರು ಹೇಳಿಬಿಟ್ಟೆ. ಹೊಡೆಯಲಿಲ್ಲ, ಬೈಯಲಿಲ್ಲ. ಕೈ ತೊಳೆದುಕೊಂಡು ಬಂದು, ಪುಸ್ತಕದಿಂದ ಕ್ಲಿಪ್ ತೆಗೆದು ತಂತಿಗೆ ಹಾಕಿದಳು. "ನಾಳೆ ಅಂಗಡಿಗೆ ಕೊಟ್ಟು ಬಾ" ಅಂದಳು. ಅದನ್ನು ಅವಳು ಮುಗಿಸಲೇ ಇಲ್ಲ.

ಸರಿ, ಅದು ಹಾಗಿರಲಿ.

ಈಗ ಪುಸ್ತಕ ಮುಂದೆ ಇಟ್ಟುಕೊಂಡು ಕೂತಿದ್ದೇನೆ. 11ನೇ ಪುಟದಲ್ಲಿ ಕಾಂಪೌಂಡರ್ ಮೊದಲ ಸಲ ಬರುವ ಕಡೆ, ಹಿಂದೆ ಓದಿದ ಯಾರೋ ಪುಣ್ಯಾತ್ಮರು ಪೆನ್ಸಿಲಿನಲ್ಲಿ ಬಾಣ ಎಳೆದು "ಇವನೇ" ಅಂತ ಬರೆದಿದ್ದಾರೆ. ಶುಕ್ರವಾರದಿಂದ ಆ ಪೆನ್ಸಿಲಿಗೆ ಶಾಪ ಹಾಕುತ್ತಾ, ಪಾಪದ ಕಾಂಪೌಂಡರ್ ಮೇಲೆ ಅನುಮಾನ ಪಡುತ್ತಾ ಓದಿದ್ದೆ. ಯಜಮಾನರು ಇವತ್ತು ಹೇಳಿದ್ದು ಬೇರೆ ಹೆಸರು. ಅನುಮಾನಕ್ಕೆ ಕೊನೆ ಪುಟ ತೆಗೆದು ನೋಡಿದೆ. ಯಜಮಾನರೇ ಸರಿ. ಪೆನ್ಸಿಲ್ ಸುಳ್ಳು!

ಪಟ್ಟಿಯಲ್ಲಿ ನನ್ನ ನಂತರ ಇರೋದು ಸರೋಜಮ್ಮ. ಮೊಮ್ಮಗನ ನಾಮಕರಣ ಅಂತ ಇವತ್ತು ಬಂದಿರಲಿಲ್ಲ, ಬಚಾವಾದರು. ಬುಧವಾರ ಅವರಿಗೆ ಪುಸ್ತಕ ಕೊಡಬೇಕು. ಬಾಣ ಅಳಿಸೋಣ ಅಂತ ರಬ್ಬರ್ ತಗೊಂಡೆ. ಆಮೇಲೆ ವಾಪಸ್ ಡಬ್ಬಿಗೆ ಹಾಕಿದೆ. ಫೋನ್ ಮಾತ್ರ ಮಾಡಿದೆ: ಬುಧವಾರದ ತನಕ ಯಜಮಾನರ ಫೋನ್ ಬಂದರೆ ಎತ್ತಬೇಡಿ.