ಹಿಂದಕ್ಕೆ ಹಾಕಕ್ಕೆ ಬರಲ್ಲ, ಏನೀಗ?

ಕಾರಿನ ಹಿಂದೆ ಕಟ್ಟಿ ಎಳೆಯೋ ಕ್ಯಾರವಾನ್ ವ್ಯಾನು ನಮ್ಮದು. ಅದನ್ನ ನಿಲ್ಲಿಸೋ ಜಾಗಕ್ಕೆ ಆಸ್ಟ್ರೇಲಿಯಾ ಮರುಭೂಮಿಯ ಕೂಬರ್ ಪೀಡಿ ಊರಿನ ಕ್ಯಾರವಾನ್ ಪಾರ್ಕಿನವರನ್ನ ಎರಡು ಸಲ ಕೇಳಿದ್ದೆ. ಬುಕ್ ಮಾಡುವಾಗ ಒಂದು ಸಲ, ಬೆಳಿಗ್ಗೆ ಪೋರ್ಟ್ ಅಗಸ್ಟಾ ಬಿಡುವಾಗ ಫೋನ್ ಮಾಡಿ ಇನ್ನೊಂದು ಸಲ. ಡ್ರೈವ್‌ಥ್ರೂ ಸೈಟೇ ಬೇಕು, ಈ ಕಡೆಯಿಂದ ನುಗ್ಗಿ ಆ ಕಡೆಯಿಂದ ಆಚೆ ಹೋಗೋ ಅಂಥದ್ದು. "ನೋ ವರೀಸ್" ಅಂದ್ರು. ಇಲ್ಲಿ ಯಾರಾದ್ರೂ ನೋ ವರೀಸ್ ಅಂದ ಕೂಡಲೇ ಚಿಂತೆ ಶುರು ಮಾಡ್ಕೋಬೇಕು ಅಂತ ಸಿಡ್ನಿಯಲ್ಲಿ ಇಷ್ಟು ವರ್ಷ ಇದ್ದೂ ನನಗೆ ಬುದ್ಧಿ ಬಂದಿಲ್ಲ.

ಕೂಬರ್ ಪೀಡಿ ಮುಟ್ಟಿದಾಗ ಸಂಜೆ ಐದೂವರೆ. ಲೇಟಾಯ್ತು, ಒಪ್ಪಿದೆ. 540 ಕಿ.ಮೀ. ಎದುರುಗಾಳಿ, ಹಿಂದೆ ಎರಡು ಟನ್ ವ್ಯಾನು, ಗ್ಲೆಂಡಾಂಬೊ ದಾಟಿದ ಮೇಲೆ 250 ಕಿ.ಮೀ. ಒಂದು ಪೆಟ್ರೋಲ್ ಬಂಕ್ ಇಲ್ಲ. ಗಾಡಿ ಡೀಸೆಲ್ ಕುಡಿಯೋದು ನೋಡಿ ಎಂಬತ್ತರ ಮೇಲೆ ಹೋಗೋ ಧೈರ್ಯ ಬರಲಿಲ್ಲ. 53 ಮೀಟರ್ ಉದ್ದದ ರೋಡ್ ಟ್ರೇನ್, ಅಂದ್ರೆ ಸಾಲಾಗಿ ಟ್ರೇಲರ್ ಎಳೆಯೋ ಲಾರಿ, ಪಕ್ಕದಲ್ಲಿ ಹಾದಾಗಲೆಲ್ಲ ವ್ಯಾನು ತೇರಿನ ಹಾಗೆ ಓಲಾಡುತ್ತೆ, ನಮ್ಮವಳು ಮನೆದೇವರನ್ನ ಕರೀತಾಳೆ.

ಕೌಂಟರಿನ ಹುಡುಗಿ ತಲೆ ಎತ್ತಲಿಲ್ಲ. ನಿಮ್ಮ ಸೈಟು ದೊಡ್ಡ ವ್ಯಾನಿನವರಿಗೆ ಕೊಟ್ಟಾಯ್ತು, ರಿವರ್ಸ್ ಹಾಕೋದು ಒಂದಿದೆ. ದುಡ್ಡು? ಅದೇ ದುಡ್ಡು. ಮೂರು ದಿನದ ಅಡ್ವಾನ್ಸ್ ಕೊಟ್ಟವನು ನಾನು, ಆಗ ಏನಂದೆ ಗೊತ್ತಾ? "ಥ್ಯಾಂಕ್ಯೂ" ಅಂದೆ.

ಸೈಟಿನ ಎದುರಿಗೆ ಆರು ಮಡಚೋ ಕುರ್ಚಿ. ಆರರಲ್ಲೂ ರಿಟೈರ್ಡ್ ತಾತಂದಿರು, ಅಜ್ಜಿಯರು, ಕೈಯಲ್ಲಿ ಬಿಯರು. ಇವರನ್ನ ಗ್ರೇ ನೋಮ್ಯಾಡ್ಸ್ ಅಂತಾರೆ, ಚಳಿಗಾಲ ಬಂದ್ರೆ ಮನೆ ಬೀಗ ಹಾಕಿ ಉತ್ತರಕ್ಕೆ ಹೊರಡೋರು. ಸಂಜೆ ಹೊತ್ತು ಇವರಿಗೆ ಇರೋ ಒಂದೇ ಮನರಂಜನೆ, ಹೊಸಬರು ವ್ಯಾನ್ ನಿಲ್ಲಿಸೋದು ನೋಡೋದು. ನನ್ನ ಗಾಡಿ ಬಂದದ್ದೇ ಒಬ್ಬರು ಕುರ್ಚಿ ತಿರುಗಿಸಿಕೊಂಡ್ರು. ನಾನೇ ಕಣ್ಣಾರೆ ನೋಡಿದೆ, ತಿರುಗಿಸಿಕೊಂಡ್ರು!

ನಮ್ಮವಳು ವಾಕಿಟಾಕಿ ಹಿಡಿದು ಹಿಂದೆ ನಿಂತಳು. "ರೀ, ಬಲಕ್ಕೆ. ಬಲಕ್ಕೆ ರೀ. ನಿಮ್ಮ ಬಲ ಅಲ್ಲ, ವ್ಯಾನಿಂದು." ವ್ಯಾನಿನ ಬಾಲ ಬಲಕ್ಕೆ ಹೋಗಬೇಕಾದ್ರೆ ಸ್ಟೀರಿಂಗ್ ಎಡಕ್ಕೆ ತಿರುಗಿಸಬೇಕು, ಗೊತ್ತು, ನೂರು ವಿಡಿಯೋ ನೋಡಿದೀನಿ. ಕೈಗೆ ಗೊತ್ತಿಲ್ಲ ಅಷ್ಟೇ. ಕಾರು ವ್ಯಾನು ಎರಡೂ ಮೊಣಕೈ ಮಡಚಿದ ಹಾಗೆ ಮಡಚಿಕೊಂಡ್ವು. ಮುಂದೆ ಬಂದೆ. ಮತ್ತೆ ಹಿಂದೆ. ಕರೆಂಟ್ ಕಂಬಕ್ಕೆ ಒಂದು ಗೇಣು ಇದ್ದಾಗ ಅವಳು ಕಿರುಚಿದ್ದು ಅಪ್ಪಟ ಮಂಡ್ಯ ಕನ್ನಡ, ಬರೆಯಲ್ಲ. ಆಮೇಲೆ ಗೊತ್ತಾಗಿದ್ದು, ನಾವಿದ್ದದ್ದು 18ನೇ ಚಾನಲ್ಲು. ಕ್ಯಾರವಾನಿನವರೆಲ್ಲ ಕೇಳಿಸಿಕೊಳ್ಳೋ ಚಾನಲ್ಲು. ರೇಡಿಯೋದೊಳಗೇ ಯಾರೋ ನಕ್ಕರು.

ಆರನೇ ಸಲಕ್ಕೆ ಕುರ್ಚಿಯಿಂದ ಒಬ್ಬ ತಾತ ಎದ್ದು ಬಂದ. ಎಪ್ಪತ್ತೈದಾದ್ರೂ ಇರಬೇಕು, ಹವಾಯಿ ಚಪ್ಪಲಿ. ಬಿಯರ್ ಕ್ಯಾನ್ ನನ್ನ ಕೈಗೆ ಕೊಟ್ಟು, ಬಾಗಿಲು ತೆಗೆದು, ಇಳಿ ಅನ್ನೋ ಹಾಗೆ ತಲೆ ಆಡಿಸಿದ. ಇಳಿದೆ. ಒಂದೇ ಏಟಿಗೆ ಹಾಕಿಬಿಟ್ಟ. ಒಂದೇ. ಚಪ್ಪಾಳೆ ಬಿತ್ತು. ನಾನು ಅವನ ಬಿಯರ್ ಹಿಡಿದು ವೇಟರ್ ಥರ ನಿಂತಿದ್ದೆ. ಮಗ ಬಂದು, "ಅಪ್ಪ, ನೋಡಿದ್ಯಾ, ಆ ತಾತ ಹಿಂದಕ್ಕೆ ತಿರುಗಿ ಕೂಡ ನೋಡ್ಲಿಲ್ಲ" ಅಂದ.

ಭೂಮಿ ಬಾಯಿ ಬಿಟ್ಟು ನುಂಗಬಾರದಾ ಅನ್ನಿಸ್ತು. ಈ ಊರಲ್ಲಿ ಅದಕ್ಕೆ ವ್ಯವಸ್ಥೆಯೂ ಇದೆ. ಅರ್ಧ ಊರು ಸೆಖೆ ತಡೀಲಾರದೆ ನೆಲದೊಳಗೆ ಮನೆ ಕೊರೆದುಕೊಂಡಿದೆ, ಸುತ್ತ ಓಪಲ್ ಅನ್ನೋ ರತ್ನದ ಕಲ್ಲು ಹುಡುಕಿ ತೋಡಿ ಬಿಟ್ಟ ಗುಂಡಿಗಳು. ಯಾರೂ ಬೀಳಬಾರದು ಅಂತ ಬೋರ್ಡ್ ಹಾಕಿದ್ದಾರೆ, ಅದರಲ್ಲಿ ಏನಿದೆ ಗೊತ್ತಾ? ಓಡಬೇಡಿ, ಹಿಂದಕ್ಕೆ ನಡೆಯಬೇಡಿ! ಹಿಂದಕ್ಕೆ ನಡೆಯೋದೇ ಬೇಡ ಅನ್ನೋ ಊರಲ್ಲಿ ನನಗೆ ಎರಡು ಟನ್ ಹಿಂದಕ್ಕೆ ಹಾಕು ಅಂತೀರಲ್ಲ?

ಕೋಪ ಇಲ್ಲ ನನಗೆ. ಅವರದೂ ಸೀಸನ್ನು, ರಶ್ಶು, ಏನು ಮಾಡ್ತಾರೆ ಪಾಪ. ಆದ್ರೆ ಯಾರಾದ್ರೂ ಹೇಳಿ, ದುಡ್ಡು ಕೊಟ್ಟು ಹಿಡಿದಿಟ್ಟ ಜಾಗನ ಇನ್ನೊಬ್ಬರಿಗೆ ಕೊಡೋದು ಯಾವ ನ್ಯಾಯ? ಒಬ್ಬರಾದ್ರೂ ಉತ್ತರ ಕೊಡಿ. "ಪ್ರಾಕ್ಟೀಸ್ ಮಾಡಿ ಸಾರ್" ಅನ್ನೋರು ದಯವಿಟ್ಟು ಬೇಡ. ಮದ್ದೂರಿನಲ್ಲಿರೋ ಬಾಮೈದನಿಗೆ ಫೋನ್ ಮಾಡಿದ್ದೇ ಸಾಕಾಯ್ತು. ಕಬ್ಬು ತುಂಬಿದ ಟ್ರೇಲರ್‌ನ ಫ್ಯಾಕ್ಟರಿ ಗೇಟಲ್ಲಿ ಒಂದೇ ಕೈಯಲ್ಲಿ ರಿವರ್ಸ್ ಹಾಕೋನು. "ಬಾವ, ಇಷ್ಟೂ ಬರಾಕಿಲ್ವಾ?" ಅಂದ. ಅಪ್ಪ ಟ್ರಾಕ್ಟರ್ ಮುಟ್ಟಕ್ಕೂ ಬಿಡದೆ ಎಂಜಿನಿಯರಿಂಗ್ ಓದಿಸಿದ್ರು. ಅದರ ಫಲ ಇದು.

ವ್ಯಾನ್ ಮಾರಿಬಿಡ್ತೀನಿ. ಇಲ್ಲ, ಆ ದೊಡ್ಡ ಕೆಂಪು ಬಂಡೆ ಉಲುರು ಇನ್ನೂ 700 ಕಿ.ಮೀ. ಮೇಲಿದೆ, ಮಗನಿಗೆ ಮಾತು ಕೊಟ್ಟಿದೀನಿ. ಅಲ್ಲಿ ಹೋದ ಮೇಲೆ ಮಾರ್ತೀನಿ.

ಹೊರಗೆ ಇನ್ನೂ ನಗು ಕೇಳಿಸ್ತಿದೆ. ನನ್ನ ವಿಷಯಕ್ಕೇ ಇರಬೇಕು. ನಮ್ಮವಳು ಉಪ್ಪಿಟ್ಟು ಮಾಡಿ ಒಂದು ತಟ್ಟೆ ಆ ತಾತನಿಗೆ ತಗೊಂಡು ಹೋಗಿದಾಳೆ. ಬನ್ರೀ ಅಂತ ನನ್ನೂ ಕರೆದಳು, ನಾನು ಹೋಗಲಿಲ್ಲ. ದಾರಿಯಲ್ಲಿ ದಕ್ಷಿಣ ಆಸ್ಟ್ರೇಲಿಯಾ ಗಡಿಯ ಯಾಂಬಾ ತಪಾಸಣೆಯಲ್ಲಿ ಹಣ್ಣಿನ ನೊಣದ ಹೆಸರು ಹೇಳಿ ಹಸಿಮೆಣಸಿನಕಾಯಿ, ಟೊಮೆಟೊ ಎಲ್ಲ ತೊಟ್ಟಿಗೆ ಹಾಕಿಸಿದ್ರು, ಹಾಗಾಗಿ ಖಾರವೇ ಇಲ್ಲ. ತಾತನಿಗೆ ಸರಿಹೋಗುತ್ತೆ ಬಿಡಿ.