ಮಾತ್ರೆ ಬೇಡ ಅಂತ ಬರೆಯಬೇಡಿ

ನರಕ್ಕೆ ಕರೆಂಟ್ ಕೊಡುವ ಸಾಧನ ಹಾಕಿಸಿದರೆ ಫಿಟ್ಸ್ ಮಾತ್ರೆ ಬೇಡ ಅಂತ ಬರೆದಿದ್ದೀರಿ, ಅದು ತಪ್ಪು. ನನ್ನ ಮಗಳಿಗೆ ಡ್ರಾವೆ ಸಿಂಡ್ರೋಮ್, ಅಂದರೆ ಹಸುಗೂಸಾಗಿದ್ದಾಗಲೇ ಶುರುವಾಗುವ ತೀವ್ರ ಫಿಟ್ಸ್ ಕಾಯಿಲೆ, ಎಸ್‌ಸಿಎನ್1ಎ ಜೀನಿನ ತೊಂದರೆ. ಎಡ ಎದೆಯ ಚರ್ಮದಡಿ ಸಾಧನ ಇಟ್ಟು ಕುತ್ತಿಗೆಯಲ್ಲಿ ಮೆದುಳಿಗೆ ಹೋಗುವ ವೇಗಸ್ ನರಕ್ಕೆ ತಂತಿ ಸುತ್ತಿದ್ದಾರೆ. ಫಿಟ್ಸ್ ಕಡಿಮೆಯಾಗಿದೆ, ನಿಂತಿಲ್ಲ. ಅದೂ ಮೊದಲ ತಿಂಗಳಲ್ಲೇ ಅಲ್ಲ, ಕರೆಂಟನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದ ಮೇಲೆ. ಬದಿಯಡ್ಕದಿಂದ ಮಂಗಳೂರಿಗೆ ಬಸ್ಸಲ್ಲಿ ಹೋಗುವಾಗ ಫಿಟ್ಸ್ ಶುರುವಾದರೆ ಮ್ಯಾಗ್ನೆಟನ್ನು ಅವಳ ಎದೆ ಮೇಲೆ ಸವರುತ್ತೇನೆ, ಆಗ ಸಾಧನ ಆ ಕ್ಷಣಕ್ಕೆ ಹೆಚ್ಚುವರಿ ಕರೆಂಟ್ ಕೊಡುತ್ತದೆ, ಒಮ್ಮೊಮ್ಮೆ ಅಲ್ಲೇ ನಿಲ್ಲುತ್ತದೆ, ತಾಯಿಗೆ ಅದು ಎಷ್ಟು ದೊಡ್ಡ ಧೈರ್ಯ ಅಲ್ವಾ! ಸಾಧನದಿಂದ ಅವಳ ಸ್ವರ ಸ್ವಲ್ಪ ಒಡೆದಿದೆ, ಪರವಾಗಿಲ್ಲ. ಆದರೆ ಮಾತ್ರೆ ಈಗಲೂ ಎರಡು ಹೊತ್ತು ಇದೆ. ಅದನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ನಿಲ್ಲದೆ ಬಂದು ಜೀವಕ್ಕೇ ಅಪಾಯ. ದಯವಿಟ್ಟು ಆ ಸಾಲನ್ನು ಇವತ್ತೇ ತಿದ್ದಿ.